ಮುಗಿಸಲು ಬಾರದ ಮಫ್ಲರು

ನನಗೆ ಹೆಣಿಗೆ ಶುರು ಮಾಡಲು ಬರುತ್ತಿತ್ತು, ಮುಂದುವರಿಸಲು ಬರುತ್ತಿತ್ತು, ಮುಗಿಸಲು ಮಾತ್ರ ಬರುತ್ತಿರಲಿಲ್ಲ. ಇದರಲ್ಲಿ ನನ್ನ ತಪ್ಪೇನೂ ಇಲ್ಲ. ಕಲಿಸುತ್ತಿದ್ದವರಿಗೆ ನಡುವೆಯೇ ವರ್ಗವಾಗಿಬಿಟ್ಟಿತು, ಅಷ್ಟೆ.

ಹಾಲಹರವಿ ಕಡೆಯ ನಮ್ಮ ಊರಿನಿಂದ ಒಂದು ಮೈಲಿ ದೂರಕ್ಕೆ ಸಣ್ಣದೊಂದು ರೈಲ್ವೆ ಸ್ಟೇಷನ್ನಿತ್ತು. ಅಲ್ಲಿ ನೋಡುವಂಥದ್ದು ಎಂದರೆ ಒಂದು ಬೇವಿನ ಮರ, ಮರದ ಕೆಳಗೆ ಒಂದು ಬೆಂಚು, ಬೆಂಚಿನ ಮೇಲೆ ಸ್ಟೇಷನ್ ಮಾಸ್ತರರ ಹೆಂಡತಿ. ತೆಲುಗಿನವರು. ಮಕ್ಕಳಿರಲಿಲ್ಲ, ನೆರೆಯವರೂ ಇರಲಿಲ್ಲ, ಹಗಲೆಲ್ಲ ಎರಡು ಕಡ್ಡಿ ಹಿಡಿದು ಉಲ್ಲನ್ ದಾರ ಹೆಣೆಯುತ್ತ ಕೂತಿರುತ್ತಿದ್ದರು. ಅವರ ಮನೆಗೆ ಮೊಸರು ಹಾಕುವ ಕೆಲಸ ನನ್ನದು. ಮೊಸರು ಕೊಟ್ಟು ಬಾ ಎಂದರೆ ನಾನು ಅಲ್ಲೇ ಬೇರುಬಿಡುತ್ತಿದ್ದೆ. ಒಂದು ದಿನ ಆಕೆಯೇ ಪಕ್ಕಕ್ಕೆ ಕೂರಿಸಿಕೊಂಡು ಕಡ್ಡಿ ನನ್ನ ಕೈಗೆ ಕೊಟ್ಟರು.

"ಇಟ್ಲ ದೂರ್ಚು, ಇಟ್ಲ ಲಾಗು. ಹೀಂಗ ತೂರಿಸು, ಹೀಂಗ ಎಳಿ. ಚೂಡು, ವಚ್ಚೇಸಿಂದಿ!" ಎಂದರು. ನೋಡು, ಬಂದೇಬಿಟ್ಟಿತು, ಎಂದು.

ನಿಜವಾಗಿಯೂ ಬಂದೇಬಿಟ್ಟಿತು. ಎಂಟು ಹತ್ತು ದಿನದಲ್ಲಿ ಅಂಗೈ ಅಗಲದ ಒಂದು ತುಂಡು ಹೆಣೆದೆ. ಅದನ್ನು ಊರಿಗೆಲ್ಲ ತೋರಿಸಿ ಬಂದೆ. ಸಾಯಂಕಾಲ ಹೋಗಿ, "ಇದನ್ನ ಮುಗಿಸೋದು ಹೆಂಗರಿ?" ಎಂದು ಕೇಳಿದೆ. "ರೇಪು ಚೆಪ್ತಾಲೇ" ಎಂದು ನಕ್ಕರು. ನಾಳೆ ಹೇಳುತ್ತೇನೆ ಎಂದು. ಮರುದಿನ ಮೊಸರಿನ ಗಡಿಗೆ ಹಿಡಿದು ಹೋದರೆ ಅವರ ಸಾಮಾನೆಲ್ಲ ಗಾಡಿಗೆ ಏರಿತ್ತು. ಹೊಸದಾಗಿ ಬಂದಿದ್ದ ಮಾಸ್ತರರು ದೊಡ್ಡ ಮೀಸೆಯವರು, ಒಂಟಿ ಮನುಷ್ಯ. ಮೊಸರು ಬೇಕು ಎಂದರು. ಅವರನ್ನು ಹೆಣಿಗೆಯ ವಿಷಯ ಕೇಳುವ ಹಾಗಿರಲಿಲ್ಲ.

ಅದೇ ಬೇಸಿಗೆಯಲ್ಲಿ ನನ್ನ ಮದುವೆಯಾಯಿತು. ಹುಡುಗ ಆದೋನಿಯವರು, ಮೆಟ್ರಿಕ್ ಓದಿದವರು, ಹತ್ತಿ ಒತ್ತಿ ಅಂಡಿಗೆ ಕಟ್ಟುವ ಪ್ರೆಸ್ಸಿನಲ್ಲಿ ಅವನ್ನು ತೂಗಿ ಬರೆದುಕೊಳ್ಳುವ ಗುಮಾಸ್ತರು. ಮದುವೆಯಾದ ಮೇಲೆ ಒಂದಿಷ್ಟು ದಿನ ಅಲ್ಲಿದ್ದು ತವರಿಗೆ ಬಂದೆ. ದೀಪಾವಳಿಗೆ ಅಳಿಯನನ್ನು ಕರೆದು, ಹಬ್ಬ ಮಾಡಿ, ಸಂಕ್ರಾಂತಿಗೆ ನನ್ನನ್ನು ಕಳಿಸಿಕೊಡುವುದು ಎಂದು ಹಿರಿಯರು ಮಾತಾಡಿಕೊಂಡಿದ್ದರು. ಆದೋನಿಯ ಆ ದಿನಗಳಲ್ಲಿ ನಾನೂ ಅವರೂ ಆಡಿದ ಮಾತನ್ನು ಈಗಲೂ ಪೂರ್ತಿ ಒಪ್ಪಿಸಬಲ್ಲೆ. "ನೀರು ಬೇಕೇನ್ರಿ?" "ಹೂಂ." ಮುಗಿಯಿತು. ಮನೆ ತುಂಬ ಜನ, ತಲೆ ಎತ್ತಿದರೆ ಯಾರಾದರೊಬ್ಬರು ನೋಡುತ್ತಿರುತ್ತಿದ್ದರು. ಅವರ ಮುಖಕ್ಕಿಂತ ಅವರ ಪಾದಗಳೇ ನನಗೆ ಹೆಚ್ಚು ಗುರುತು. ಒಳ್ಳೆಯ ಪಾದಗಳು, ಆ ವಿಷಯದಲ್ಲಿ ನನಗೇನೂ ತಕರಾರಿರಲಿಲ್ಲ. ಆದರೆ ಅವರ ಅಕ್ಕ ಒಮ್ಮೆ ನನ್ನೆದುರಿಗೇ, "ಹಳ್ಳಿ ಹುಡುಗಿ, ಚಹಾ ಮಾಡಾಕರ ಬರತೈತೋ ಇಲ್ಲೋ" ಎಂದಿದ್ದರು. ನಮ್ಮವರು ಅಲ್ಲೇ ಕೂತಿದ್ದರು, ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಹಾಗೆ ಸುಮ್ಮನಿದ್ದದ್ದು ನನಗೆ ಮುಳ್ಳಾಗಿ ನಟ್ಟಿತು. ಅವರೂ ನನ್ನನ್ನು ಹಾಗೇ ಅಂದುಕೊಂಡಿದ್ದರೆ?

ದಸರೆ ಕಳೆದು ನಮ್ಮಣ್ಣ ಹತ್ತಿಯ ಧಾರಣೆ ವಿಚಾರಿಸಲು ಆದೋನಿಗೆ ಹೋಗಿ ಬಂದ. ಊಟಕ್ಕೆ ಕೂತಾಗ ಅವ್ವನಿಗೆ ಹೇಳಿದ:

"ಭಾವನ್ನ ನೋಡಿದೆನವ್ವ. ಹೊತ್ತು ಹುಟ್ಟೂದ್ರಾಗ ಸೈಕಲ್ ಮ್ಯಾಲೆ ಪ್ರೆಸ್ಸಿಗೆ ಹೋಗ್ತಾರ. ಏನು ಥಂಡಿ ಗಾಳಿ ಅಂತಿ! ಕಿವಿಗೆ ಟವೆಲ್ ಸುತ್ತಿಕೊಂತಾರ ಪಾಪ. ಉಳಿದ ಗುಮಾಸ್ತರಿಗೆಲ್ಲ ಮಪ್ಲರ್ ಅದಾವ. 'ಏನಪಾ, ಹೊಲ ಕಾಯಾಕ ಹೊಂಟೀಯೇನು?' ಅಂತ ಅವರು ಇವರನ್ನ ಆಡಿಸ್ತಾರ."

ನಾನು ರೊಟ್ಟಿ ಬಡಿಯುತ್ತಿದ್ದೆ. ಬಡಿಯುವ ಕೈ ನಿಂತಿತು. ನನ್ನ ಗಂಡನನ್ನು ಆಡಿಸುವುದಕ್ಕೆ ಅವರ್ಯಾರು? ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಖುಷಿ ಬಂತು, ಎರಡೂ ಸೇರಿ ತಲೆ ಗಿರ್‍ರನೆ ತಿರುಗಿತು. ನನಗೆ ಹೆಣಿಗೆ ಬರುತ್ತದಲ್ಲ! ಮಫ್ಲರ್ ನಾನು ಮಾಡುತ್ತೇನೆ. ಆ ಮಫ್ಲರ್ ನೋಡಿ ಅವರಿಗೆ, ಇವಳು ಬರೀ ಹಳ್ಳಿ ಹುಡುಗಿಯಲ್ಲ ಎಂದು ತಿಳಿಯಬೇಕು. ನನ್ನನ್ನು ಕಟ್ಟಿಕೊಂಡದ್ದಕ್ಕೆ ಅವರು ನಾಚಿಕೊಳ್ಳಬಾರದು, ಹೆಮ್ಮೆಪಡಬೇಕು. ನನಗೆ ಆಗ ಬೇಕಾಗಿದ್ದದ್ದು ಅದೊಂದೇ. ರೊಟ್ಟಿ ಹೆಂಚಿನ ಮೇಲೆ ಹೊತ್ತಿಹೋಯಿತು.

ಯುದ್ಧದ ಕಾಲ. ಉಡುವ ಬಟ್ಟೆಗೇ ತತ್ವಾರ, ಉಲ್ಲನ್ ದಾರ ಎಲ್ಲಿಂದ ಬರಬೇಕು? ಬಂದರೂ ನಮ್ಮಂಥವರ ಕೈಗೆ ಎಟುಕುವ ಮಾತಲ್ಲ. ಆದರೆ ನಮ್ಮ ಊರಲ್ಲಿ ಉಣ್ಣೆ ತಾನಾಗಿಯೇ ಗಿಡದಲ್ಲಿ ಬಿಡುತ್ತಿತ್ತು. ಸುಳ್ಳಲ್ಲ. ಕುರುಬರ ಕುರಿಹಿಂಡು ದಿನಾ ಬೆಳಿಗ್ಗೆ ಎರಡು ಹೊಲಗಳ ನಡುವಿನ ಇಕ್ಕಟ್ಟು ದಾರಿಯಲ್ಲಿ ನುಗ್ಗಿಕೊಂಡು ಹೋಗುತ್ತಿತ್ತು. ಎರಡೂ ಕಡೆ ಜಾಲಿಯ ಮುಳ್ಳಿನ ಬೇಲಿ. ಹಿಂಡು ದಾಟಿದ ಮೇಲೆ ನೋಡಿದರೆ ಮುಳ್ಳುಮುಳ್ಳಿಗೂ ಒಂದೊಂದು ಎಳೆ ಉಣ್ಣೆ, ಕರಿದು, ಕಂದು, ಮಾಸಲು ಬಿಳಿ. ನಾನೂ ನನ್ನ ತಂಗಿಯೂ ಹತ್ತಿ ಬಿಡಿಸುವ ಹಾಗೆ ಅದನ್ನು ಬಿಡಿಸಿ ಮಡಿಲಿಗೆ ತುಂಬಿಕೊಂಡೆವು. ತಂಗಿ ಜಾಣೆ. ಕುರಿಗಳು ಮೆಲ್ಲಗೆ ಹೋದರೆ ಉಣ್ಣೆ ಕಡಿಮೆ ಸಿಗುತ್ತದೆಂದು ಹಿಂದಿನಿಂದ ಹೋಗಿ ಹುಶ್ ಎಂದು ಓಡಿಸುತ್ತಿದ್ದಳು. ಕುರಿ ಕಾಯುವವನು ಬೈದ. ಬೈದರೆ ಬೈಯಲಿ, ಆವತ್ತು ಮಡಿಲು ತುಂಬಿತ್ತು.

ಅಂಟುವಾಳದ ನೊರೆಯಲ್ಲಿ ತೊಳೆದು, ಮುಳ್ಳು ಕಸ ಆರಿಸಿ ಮಾಳಿಗೆಯ ಮೇಲೆ ಒಣಗಿಸಿದ್ದಾಯಿತು. ಮನೆಯೆಲ್ಲ ಕುರಿ ವಾಸನೆ. "ಅಳಿಯ ಬರೂದ್ರಾಗ ಮನಿ ದೊಡ್ಡಿ ಮಾಡಿಟ್ಟಿ" ಎಂದು ಅವ್ವ ಮೂಗು ಮುಚ್ಚಿಕೊಂಡಳು.

ಕಡ್ಡಿಗಳು ಅಪ್ಪನ ಮುರುಕಲು ಕೊಡೆಯಿಂದ ಬಂದವು. ಎರಡು ಕಡ್ಡಿ ಕಿತ್ತು ತುದಿಯನ್ನು ಬೀಸುವ ಕಲ್ಲಿಗೆ ಉಜ್ಜಿ ನುಣುಪು ಮಾಡಿದೆ. ಕೊಡೆ ಇನ್ನು ರಿಪೇರಿಗೂ ಉಳಿಯಲಿಲ್ಲ. ಅಪ್ಪನಿಗೆ ಮುಂದಿನ ಮಳೆಗಾಲದವರೆಗೂ ಅದು ಗೊತ್ತಾಗಲಿಲ್ಲ, ಗೊತ್ತಾದಾಗ ನಾನು ಆದೋನಿಯಲ್ಲಿದ್ದೆ.

ಇನ್ನು ನೂಲು. ನಮ್ಮ ಹಿಂದಿನ ಓಣಿಯಲ್ಲಿ ಕುರುಬರ ಅಜ್ಜಿಯೊಬ್ಬಳಿದ್ದಳು. ಮನೆಯಲ್ಲಿ ಗಂಡಸರು ಕಂಬಳಿ ನೇಯುವವರು, ಈಕೆ ಅವರಿಗೆ ಉಣ್ಣೆ ನೂತು ಕೊಡುವವಳು. ನನ್ನ ಮಡಿಲಿನ ಉಣ್ಣೆ ನೋಡಿ, "ಇದು ಒಂದು ಕಾಲ್ಚೀಲಕ್ಕೂ ಸಾಲಂಗಿಲ್ಲ ಯವ್ವಾ" ಎಂದಳು. ಯಾರಿಗೆ, ಯಾತಕ್ಕೆ ಎಂದೆಲ್ಲ ಬಾಯಿ ಬಿಡಿಸಿ, ನಾನು ನಾಚಿ ಕೆಂಪಾದ ಮೇಲೆ ಬೊಚ್ಚು ಬಾಯಲ್ಲಿ ಮನಸಾರೆ ನಕ್ಕು, ತನ್ನ ಕುಕ್ಕೆಯಿಂದ ಎರಡು ಬೊಗಸೆ ಕರಿ ಉಣ್ಣೆ ತೆಗೆದು ಹಾಕಿದಳು. ಅದಕ್ಕೆ ಪ್ರತಿಯಾಗಿ ನಾನು ದಿನಾ ಆಕೆಗೆ ಒಂದು ತಂಬಿಗೆ ಮಜ್ಜಿಗೆ ಕೊಡಬೇಕು, ಪಕ್ಕದಲ್ಲಿ ಕೂತು ಕದರು ತಿರುಗಿಸುವುದನ್ನು ಕಲಿಯಬೇಕು. ಕದರು ಎಂದರೆ ನೂಲು ಹೊಸೆಯುವ ಕಡ್ಡಿ. ಬುಗುರಿಯಂತೆ ತಿರುಗಿಸಿ ಬಿಟ್ಟರೆ ಆಕೆಯ ಕೈಯಲ್ಲಿ ನೂಲು ಬರುತ್ತಿತ್ತು, ನನ್ನ ಕೈಯಲ್ಲಿ ಒಮ್ಮೆ ಹಗ್ಗ, ಒಮ್ಮೆ ಕೂದಲು. ನೋಡಿ ನೋಡಿ ಸಾಕಾಗಿ ಕಡೆಗೆ ಆಕೆಯೇ ಮುಕ್ಕಾಲು ನೂತಳು. ಸಂತೆಗೆ ಬರುತ್ತಿದ್ದ ಎಮ್ಮಿಗನೂರಿನ ನೇಕಾರರ ಹತ್ತಿರ, ಮಗ್ಗದಲ್ಲಿ ಸೀರೆ ಕೊಯ್ದ ಮೇಲೆ ಉಳಿಯುವ ಕೆಂಪು ನೂಲಿನ ತುಂಡುಗಳಿದ್ದವು. ಬೇಡಿ ತಂದು, ಗಂಟು ಹಾಕಿ, ಉಂಡೆ ಮಾಡಿಟ್ಟುಕೊಂಡೆ. ಕರಿ ಮೈಗೆ ಕೆಂಪು ಪಟ್ಟಿ. ಕಣ್ಣು ಮುಚ್ಚಿದರೆ ಅದೇ ಕಾಣಿಸುತ್ತಿತ್ತು.

ಹೆಣಿಗೆ ಶುರುವಾಯಿತು. ಶುರುವಾದ ಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ಎಮ್ಮೆ ಕಾಯುವಾಗ ಹೆಣೆದೆ, ಹಾಲು ಉಕ್ಕುವ ತನಕ ಹೆಣೆದೆ, ಶೇಂಗಾ ಬಿಡಿಸಲು ಕೂರಿಸಿದರೆ ರಾಶಿಯ ಹಿಂದೆ ಅಡಗಿ ಹೆಣೆದೆ. ಪ್ರತಿ ಸಾಲಿಗೂ ಒಂದು ಮಾತು ಯೋಚಿಸುತ್ತಿದ್ದೆ, ಅವರು ಬಂದಾಗ ಆಡಲು. ಒಂದಕ್ಕಿಂತ ಒಂದು ಚೆಂದದ ಮಾತುಗಳು. ಒಬ್ಬಳೇ ನಗುತ್ತಿದ್ದೆ. "ಆಕಿಗೆ ಗಾಳಿ ಸೋಕೈತಿ" ಎಂದು ಅಣ್ಣ ಹೇಳಿದರೆ ಅದಕ್ಕೂ ನಗು ಬರುತ್ತಿತ್ತು.

ಮಫ್ಲರ್ ಕೊರಳಿಗೆ ಸಾಕಾಗುವಷ್ಟು ಉದ್ದವಾದಾಗ ನನಗೆ ವಿಷಯ ನೆನಪಾಯಿತು. ಇದನ್ನು ಮುಗಿಸುವುದು ಹೇಗೆ? ನೋಡೋಣವೆಂದು ಮೆಲ್ಲಗೆ ಕಡ್ಡಿ ಎಳೆದೆ. ಸರ್‍ರ್ ಎಂದು ಒಂದು ಕಣ್ಣಿ, ದಾರದ ಕುಣಿಕೆ, ಬಿಚ್ಚಿತು, ಅದರ ಕೆಳಗಿನದು ಬಿಚ್ಚಿತು, ಅದರ ಕೆಳಗಿನದೂ ಬಿಚ್ಚಿತು. ನಾನು ಚೀರಿದ್ದಕ್ಕೆ ಅವ್ವ ಚೇಳು ಕಡಿಯಿತೆಂದು ಓಡಿಬಂದಳು. ಹೋದ ಸಾಲುಗಳನ್ನು ಹೇಗೋ ಹಿಡಿದು ಮತ್ತೆ ಕಡ್ಡಿಗೆ ಏರಿಸಿದೆ. ಅಲ್ಲಿಂದ ಮುಂದೆ ನನಗೆ ಉಳಿದ ದಾರಿ ಒಂದೇ, ಹೆಣೆಯುತ್ತಲೇ ಇರುವುದು. ಹೆಣೆಯುತ್ತಿರುವಷ್ಟು ದಿನ ಬಿಚ್ಚುವುದಿಲ್ಲವಲ್ಲ!

ಹಾಗಾಗಿ ಅದು ಬೆಳೆಯಿತು. ಉಣ್ಣೆ ಸಾಲದಾದಾಗೆಲ್ಲ ಮತ್ತೆ ಬೇಲಿಗೆ ಹೋದೆ, ಮತ್ತೆ ಅಜ್ಜಿಯ ಕುಕ್ಕೆಗೆ ಕೈ ಹಾಕಿದೆ. ಅಡುಗೆ ಮನೆಯಿಂದ ಪಡಸಾಲೆಗೆ ಬಂತು. ಪಡಸಾಲೆಯಿಂದ ಹೊಸ್ತಿಲು ದಾಟಿತು. ಓಣಿಯ ಹೆಂಗಸರು ನೀರಿಗೆ ಹೋಗುವಾಗ ಬಾಗಿಲಲ್ಲಿ ಇಣುಕಿ, "ಎಲ್ಲೀತನ ಬಂತಬೇ ನಿನ್ನ ಗಂಡನ ಮಪ್ಲರ್? ಸ್ಟೇಷನ್ ದಾಟಿತೇನು?" ಎಂದು ಕೇಳುತ್ತಿದ್ದರು. "ಇದನ್ನ ಹಿಡಕೊಂಡ ಆದೋನಿಗೆ ನಡಕೊಂತ ಹೋಗಬೌದು, ದಾರಿ ತಪ್ಪಂಗಿಲ್ಲ" ಎಂದ ಅಣ್ಣ. ನಾನು ಎಲ್ಲರಿಗೂ ಎದುರು ಮಾತಾಡಿದೆ. ಒಳಗೊಳಗೆ ಮಾತ್ರ ಅಂಜಿಕೆ ಶುರುವಾಗಿತ್ತು.

ಅದರ ಮೇಲೆ ಇನ್ನೊಂದು. ಮೊದಲ ದೀಪಾವಳಿಗೆ ಬಂದ ಅಳಿಯನಿಗೆ ಎಣ್ಣೆನೀರು ಹಾಕಿ, ಆರತಿ ಬೆಳಗಿ, ಹೊಸ ಬಟ್ಟೆ ಕೊಡಬೇಕು. ಕೋಟು ಹೊಲಿಸುತ್ತೇನೆಂದು ಅಪ್ಪ ಬೀಗರೆದುರು ಮಾತು ಕೊಟ್ಟಿದ್ದ. ಹಾಲಹರವಿ ನೋಡಿದ, ಬಳ್ಳಾರಿಗೂ ಹೋಗಿ ಬಂದ, ಕೋಟಿನ ಬಟ್ಟೆ ಕಣ್ಣಿಗೂ ಬೀಳಲಿಲ್ಲ. ಒಂದು ಒರಟು ಪಂಚೆ ಸಿಕ್ಕಿತು, ಅಷ್ಟೆ. ಬರಿಗೈಯಲ್ಲಿ ಬಂದು ಅಪ್ಪ ಕಟ್ಟೆಯ ಮೇಲೆ ಕೂತ. ಆಗ ಅವ್ವ ನನ್ನ ಕಡೆ ತಿರುಗಿದಳು. ಇಷ್ಟು ದಿನ ಹುಚ್ಚು ಎಂದವಳು ಈಗ ಏನು ಹೇಳಿದಳು ಗೊತ್ತೇ?

"ನಿನ್ನ ಮಪ್ಲರನ್ನ ತಾಟಿನಾಗ ಇಡೂಣು. ಉಲ್ಲನ್‌ದು ಅಂದ್ರ ಕೋಟಿಗೇನು ಕಡಿಮಿ ಇಲ್ಲ. ನಮ್ಮ ಮನಿ ಮರ್ಯಾದಿ ನಿನ್ನ ಕೈಯಾಗ ಐತಿ ನೋಡು."

ನನಗೆ ಒಂದು ಗಳಿಗೆ ಆಕಾಶದಲ್ಲಿ ನಡೆದ ಹಾಗಾಯಿತು. ಮರುಗಳಿಗೆ ಮಫ್ಲರಿನ ಕಡೆ ತಿರುಗಿ ನೋಡಿದೆ. ಉಣ್ಣೆ ಮುಗಿದು ಹೋಗಿತ್ತು. ಕಡ್ಡಿಯ ಮೇಲೆ ಕೊನೆಯ ಸಾಲು ಹಾಗೇ ಕೂತಿತ್ತು.

ಅಜ್ಜಿಯ ಹತ್ತಿರ ಓಡಿದೆ. ಆಕೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಇಂಥ ಹೆಣಿಗೆ ಆಕೆ ಎಂದೂ ಕಂಡಿರಲಿಲ್ಲ. ಆದರೆ ಉಣ್ಣೆಯ ವಿಷಯದಲ್ಲಿ ನನಗೆ ಗೊತ್ತಿಲ್ಲ ಎನ್ನುವ ಹೆಂಗಸಲ್ಲ ಆಕೆ. ಎಲ್ಲ ಕಣ್ಣಿಗಳೊಳಗೆ ಒಂದು ದಾರ ಪೋಣಿಸಿ ಎರಡೂ ಕಡೆ ಗಂಟು ಹಾಕಿ ಕಡ್ಡಿ ಎಳೆದಳು. ನಿಂತಿತು!

"ಈಗ ಗಂಜಿ ಕುಡಸಬೇಕು. ಗಂಜಿ ಇಲ್ಲಂದ್ರ ನಾಕ ದಿನದಾಗ ಬಿಚ್ಚಿಕೊಂತೈತಿ. ನಮ್ಮ ಕಂಬಳಿ ಹಂಗ ಗಟ್ಟಿ ಯಾಕ ಇರತಾವ ಅಂತಿ? ಹುಣಸಿ ಬೀಜದ ಗಂಜಿ" ಎಂದಳು.

ಕಂಬಳಿ ಎಂದ ಮೇಲೆ ಗಂಜಿ ಬೇಕೇ ಬೇಕು. ನಮ್ಮ ಕಡೆ ಅದನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ. ಉಣ್ಣೆ ಎಂದರೆ ಕಂಬಳಿಯೆಂದೇ ನಮಗೆಲ್ಲ ಗೊತ್ತಿದ್ದದ್ದು. ಅದನ್ನು ಕೊರಳಿಗೆ ಸುತ್ತಿಕೊಳ್ಳುವವರಿದ್ದಾರೆ ಎಂಬುದು ಆ ಹೊತ್ತಿನಲ್ಲಿ ನನಗೂ ಹೊಳೆಯಲಿಲ್ಲ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಅರೆದು, ಕುದಿಸಿ, ದಪ್ಪಗೆ ಗಂಜಿ ಮಾಡಿದೆವು. ಅಜ್ಜಿ ಒಂದು ಸಲ ಹಚ್ಚಿ ಸಾಕೆಂದಳು. ನನಗೆ ಬಿಚ್ಚಿಹೋಗುವ ಹೆದರಿಕೆ. ಆಕೆ ಅತ್ತ ಹೋದದ್ದೇ ಇನ್ನೊಂದು ಕೈ ಹಚ್ಚಿದೆ. ಅದು ಆರುತ್ತ ಬಂದಾಗ ಗಡಿಗೆಯಲ್ಲಿ ಉಳಿದದ್ದನ್ನು ಸುರಿದು ಬಳಿದುಬಿಟ್ಟೆ. ಮಾಳಿಗೆಯ ಮೇಲೆ ಉದ್ದಕ್ಕೆ ಹಾಸಿ ಬಿಸಿಲಿಗೆ ಬಿಟ್ಟು ಬಂದೆ.

ಮರುದಿನ ಮಾಳಿಗೆ ಹತ್ತಿ ಒಂದು ತುದಿ ಹಿಡಿದು ಎತ್ತಿದೆ. ಇನ್ನೊಂದು ತುದಿಯೂ ಜೊತೆಗೇ ಎದ್ದಿತು. ತಟ್ಟಿದರೆ ಟಣ್ ಟಣ್ ಎಂದಿತು. ಬಗ್ಗಿಸಲು ನೋಡಿದರೆ ಹಪ್ಪಳದ ಸದ್ದು. ತಂಗಿ ಅದನ್ನು ಗೋಡೆಗೆ ಒರಗಿಸಿ ನಿಲ್ಲಿಸಿದಳು, ನಿಂತುಕೊಂಡಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವಳು ಪಕ್ಕೆ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕಳು. ನಾನು ನಗುತ್ತ ಅತ್ತೆ. ಆವತ್ತು ಸಂಜೆಯ ಗಾಡಿಗೆ ಅವರು ಬರುವವರಿದ್ದರು. ಹೇಗೋ ಮೊಣಕಾಲಿಗೆ ಹಚ್ಚಿ ಮುರಿದು ಮುರಿದು ನಾಲ್ಕು ಮಡಿಕೆ ಮಾಡಿ ಜೋಳದ ಚೀಲದ ಹಿಂದೆ ಅಡಗಿಸಿಟ್ಟೆ. ಅವ್ವನಿಗೆ ಹೇಳಲು ಧೈರ್ಯ ಬರಲಿಲ್ಲ.

ಮರುದಿನ ಬೆಳಿಗ್ಗೆ ಎಣ್ಣೆನೀರು. ಹಂಡೆಗೆ ಕೆಮ್ಮಣ್ಣು ಸುಣ್ಣ ಬಳಿದು, ಹಾಗಲಬಳ್ಳಿ ಸುತ್ತಿ, ಊರಿಗೆಲ್ಲ ಆಗುವಷ್ಟು ನೀರು ಕಾಯಿಸಿದ್ದರು. ಅವರು ಸ್ನಾನ ಮುಗಿಸಿ, ಹೊಸ ಪಂಚೆ ಉಟ್ಟು, ಪಡಸಾಲೆಯಲ್ಲಿ ಮಣೆಯ ಮೇಲೆ ಕೂತರು. ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಆರತಿಯಾಯಿತು. ಅವ್ವ ಚೀಲದ ಹಿಂದಿನಿಂದ ತಾನೇ ಹುಡುಕಿ ತೆಗೆದು, ನೋಡುವಷ್ಟು ಪುರಸೊತ್ತಿಲ್ಲದೆ ತಾಟಿನಲ್ಲಿಟ್ಟು ತಂದಳು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಭೂಮಿ ಬಾಯಿ ಬಿಟ್ಟಿದ್ದರೆ ಒಳಗೆ ಇಳಿದುಬಿಡುತ್ತಿದ್ದೆ.

"ನಮ್ಮ ಹುಡುಗಿ ತನ್ನ ಕೈಯಾರ ಮಾಡ್ಯಾಳರಿ. ಹಾಕ್ಕೊರಿ" ಎಂದ ಅಪ್ಪ.

ಅವರು ತೆಗೆದುಕೊಂಡರು. ಬಿಡಿಸಿದರು. ಕಟ್, ಕಟ್, ಕಟ್ ಎಂದು ಮಡಿಕೆಗಳು ಒಂದೊಂದೇ ಬಿಚ್ಚಿಕೊಂಡವು. ಅರ್ಧ ಬಿಡಿಸಿ ಹಿಂಭಾಗದಿಂದ ಕೊರಳಿಗೆ ಒರಗಿಸಿಕೊಂಡರು. ಎರಡೂ ತುದಿ ಎಡಬಲಕ್ಕೆ ನೆಟ್ಟಗೆ ಚಾಚಿ ನಿಂತವು, ನೊಗ ಹೊತ್ತ ಹಾಗೆ. ತಿರುಗಿ ನೋಡುವಾಗ ಒಂದು ತುದಿ ಅಪ್ಪನ ರುಮಾಲಿಗೆ ಬಡಿದು ರುಮಾಲು ಕೆಳಗೆ ಬಿತ್ತು. ಯಾರೋ ಒಬ್ಬಳು ಕಿಸಕ್ ಎಂದಳು. ಅಷ್ಟೇ ಸಾಕಾಯಿತು, ಪಡಸಾಲೆಗೆ ಪಡಸಾಲೆಯೇ ಹೋ ಎಂದಿತು. ಅವರ ಮುಖ ನೋಡುವ ಎದೆಗಾರಿಕೆ ನನಗಿರಲಿಲ್ಲ. ಹಿತ್ತಲಿಗೆ ಓಡಿಹೋಗಿ ಎಮ್ಮೆಯ ಗೋದಲಿಯ ಹಿಂದೆ ಕೂತೆ. ಮುಗಿಯಿತು ಎಂದುಕೊಂಡೆ. ಈಗ ಆದೋನಿಯಲ್ಲಿ ಇವರನ್ನು ಎಲ್ಲರೂ ಕೇಳುತ್ತಾರೆ, ಹೆಂಡತಿ ಮನೆಯಲ್ಲಿ ಏನು ಕೊಟ್ಟರೆಂದು. ಹಲಗೆ ಕೊಟ್ಟರು ಎಂದು ಇವರು ಹೇಳುತ್ತಾರೆ.

ಸ್ವಲ್ಪ ಹೊತ್ತಿಗೆ ಬಚ್ಚಲಿನ ಕಡೆ ನೀರಿನ ಸದ್ದಾಯಿತು. ಇಣುಕಿ ನೋಡಿದೆ. ಹೊಸ ಪಂಚೆಯನ್ನು ಮೊಣಕಾಲ ಮೇಲೆ ಎತ್ತಿ ಕಟ್ಟಿಕೊಂಡು, ಹಂಡೆಯಲ್ಲಿ ಉಳಿದಿದ್ದ ಬಿಸಿನೀರನ್ನು ದೊಡ್ಡ ಬೋಗುಣಿಗೆ ಬಗ್ಗಿಸಿ, ಅವರು ಮಫ್ಲರನ್ನು ಅದ್ದಿ ಸೀಗೆಪುಡಿ ಹಾಕಿ ಕಾಲಿನಿಂದ ತುಳಿಯುತ್ತಿದ್ದರು. ನನಗೆ ಗುರುತಿದ್ದ ಅದೇ ಪಾದಗಳು. ನನ್ನನ್ನು ನೋಡಿದರು.

"ಬಾ ಇಲ್ಲಿ. ಆ ಕಡೆ ಹಿಡಿ" ಎಂದರು.

ಹೋದೆ. ನೀರು ಕುಡಿದು ಅದು ಹೆಬ್ಬಾವಿನಷ್ಟು ಭಾರವಾಗಿತ್ತು. ಅವರು ಒಂದು ತುದಿ, ನಾನೊಂದು ತುದಿ ಹಿಡಿದು ಎಳೆದೆವು. ನಾನು ಹಿತ್ತಲಿನ ಬಾಗಿಲಿಗೆ ಹೋದೆ, ಅವರು ಬಾವಿಯ ಹತ್ತಿರ ಹೋದರು, ಇನ್ನೂ ನಡುವೆ ಜೋತು ಬಿದ್ದಿತ್ತು.

"ಹಿಂಡು" ಎಂದರು.

ಹಿಂಡಿದೆವು. ಅವರು ಬಲಕ್ಕೆ, ನಾನು ಎಡಕ್ಕೆ. ಹಿಂಡಿದ ಹಾಗೆಲ್ಲ ಹುರಿ ಏರಿ ಅದು ಗಿಡ್ಡವಾಗುತ್ತಿತ್ತು, ನಾವು ಒಂದೊಂದೇ ಹೆಜ್ಜೆ ಮುಂದೆ ಬರಲೇಬೇಕಾಗುತ್ತಿತ್ತು. ಗಂಜಿ ನೀರು ಧಾರಾಕಾರವಾಗಿ ಸುರಿಯಿತು. ಕೆಂಪು ನೂಲಿನ ಬಣ್ಣವೂ ಬಿಟ್ಟಿತು, ನಮ್ಮಿಬ್ಬರ ಅಂಗೈಗಳೂ ಕೆಂಪಾದವು. ಗೋಡೆಯ ಮೇಲೆ ಏರಿ ನೋಡುತ್ತಿದ್ದ ತಂಗಿ, "ಅವ್ವಾ, ಅಕ್ಕಾ ಭಾವ ಮದರಂಗಿ ಹಚ್ಚಿಕೊಳ್ಳಾಕ ಹತ್ಯಾರ!" ಎಂದು ಕೂಗಿದಳು. ಪಡಸಾಲೆಯ ಹೆಂಗಸರೆಲ್ಲ ಹಿತ್ತಲಿನ ಬಾಗಿಲಿಗೆ ಬಂದು ನಿಂತರು. ಬಂದರೆ ಬರಲಿ. ಕೈ ಬಿಟ್ಟರೆ ಮಫ್ಲರ್ ಮಣ್ಣಿಗೆ ಬೀಳುತ್ತಿತ್ತಲ್ಲ.

"ಇಷ್ಟುದ್ದ ಯಾಕ ಮಾಡಿದಿ?" ಮೆಲ್ಲಗೆ ಕೇಳಿದರು.

ಸಾಲಿಗೊಂದರಂತೆ ಯೋಚಿಸಿಟ್ಟಿದ್ದ ಚೆಂದದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಮುಗಿಸಾಕ ಬರಲಿಲ್ಲರಿ" ಎಂದೆ.

ಅವರು ನಕ್ಕರು. ನಾನು ಅವರ ನಗು ಕೇಳಿದ್ದು ಅದೇ ಮೊದಲು. ಸಣ್ಣ ದನಿಯ ಮನುಷ್ಯ, ನಗು ಮಾತ್ರ ಇಷ್ಟು ದೊಡ್ಡದು. ನಗುತ್ತ ನಗುತ್ತ ಕೆಮ್ಮು ಬಂತು, ಕೆಮ್ಮುತ್ತ ಮತ್ತೆ ನಕ್ಕರು. ನನಗೂ ತಡೆಯಲಾಗಲಿಲ್ಲ. ಆಗ ಮುಖ ಎತ್ತಿ ಸರಿಯಾಗಿ ನೋಡಿದೆ. ಪಾದಗಳಿಗಿಂತ ಮುಖವೇ ಚೆನ್ನಾಗಿತ್ತು.

ಹಿತ್ತಲಿನ ಗೋಡೆಯ ಮೇಲೆ ಹಾಕಿ ಒಣಗಿಸಿದೆವು. ಬಿಸಿನೀರಲ್ಲಿ ತುಳಿಸಿಕೊಂಡ ಉಣ್ಣೆ ಒಂದಕ್ಕೊಂದು ಕಚ್ಚಿಕೊಂಡು ದಪ್ಪಗೆ, ಮೆತ್ತಗೆ, ಒಂದಿಷ್ಟು ಗಿಡ್ಡವಾಗಿ ಕೂತಿತು. ಇನ್ನು ಅದನ್ನು ಬಿಚ್ಚುತ್ತೇನೆಂದರೂ ಬಿಚ್ಚುತ್ತಿರಲಿಲ್ಲ. ಗಿಡ್ಡವಾಗಿಯೂ ಅದು ಎರಡಾಳುದ್ದ ಇತ್ತು ಅನ್ನುವುದು ಬೇರೆ ಮಾತು.

ಹಬ್ಬ ಮುಗಿಸಿ ಅವರು ಹೊರಟದ್ದು ಮಧ್ಯಾಹ್ನದ ಗಾಡಿಗೆ. ನಮ್ಮ ಕಡೆಯ ಮಧ್ಯಾಹ್ನ ನಿಮಗೆ ಗೊತ್ತಿರಬೇಕು. ಬೆಳಿಗ್ಗೆ ಎಷ್ಟೇ ಥಂಡಿಯಿರಲಿ, ದೀಪಾವಳಿಯಿರಲಿ ಯಾವುದಿರಲಿ, ನೆತ್ತಿಯ ಮೇಲೆ ಹೊತ್ತು ಬಂದರೆ ಬೆವರು ಇಳಿಯುತ್ತದೆ. ಅವರು ಮಫ್ಲರನ್ನು ಕೊರಳಿಗೆ ಸುತ್ತಿ, ಮತ್ತೆ ಸುತ್ತಿ, ಕಿವಿ ಮುಚ್ಚಿ, ಗದ್ದ ಮುಚ್ಚಿ, ಕಣ್ಣು ಮೂಗು ಮಾತ್ರ ಬಿಟ್ಟುಕೊಂಡು ಎತ್ತಿನ ಬಂಡಿಯಲ್ಲಿ ಕೂತರು. "ಅಳಿಯಂದ್ರಿಗೆ ಜ್ವರ ಬಂದಾವೇನು?" ಎಂದು ಅಪ್ಪ ಗಾಬರಿಯಾಗಿ ಅವ್ವನನ್ನು ಕೇಳಿದ. ಅವ್ವ ಸೆರಗು ಬಾಯಿಗೆ ಇಟ್ಟುಕೊಂಡಳು. ಬಂಡಿ ಹಳ್ಳ ದಾಟಿ ಮರೆಯಾಗುವವರೆಗೂ ಅವರು ಅದನ್ನು ಸಡಿಲಿಸಲಿಲ್ಲ. ಮರೆಯಾದ ಮೇಲೆ ತೆಗೆದಿರುತ್ತಾರೆ ಎಂದುಕೊಂಡೆ. ಹೆಂಡತಿಯ ಊರಿನಲ್ಲಿ ಅವಳ ಮನಸ್ಸು ನೋಯಬಾರದೆಂದು ಹಾಕಿಕೊಳ್ಳುವುದು ಒಂದು, ಆದೋನಿಯಲ್ಲಿ ಆ ಗುಮಾಸ್ತರ ನಡುವೆ ಹಾಕಿಕೊಳ್ಳುವುದು ಇನ್ನೊಂದು. ಅಷ್ಟು ನನಗೂ ತಿಳಿಯುತ್ತಿತ್ತು. ಆದರೂ ಆ ಸಂಜೆ ಊಟ ಸೇರಲಿಲ್ಲ.

ಕರ್ಚಿಕಾಯಿ, ಚಕ್ಕಲಿ, ಹೋಳಿಗೆಯ ಬುಟ್ಟಿ ಹೊತ್ತು ಅಣ್ಣ ಅವರ ಜೊತೆಗೆ ಹೋಗಿದ್ದ. ಮರುದಿನ ಸಂಜೆ ಖಾಲಿ ಬುಟ್ಟಿ ಹಿಡಿದು ಬಂದ. ನಾನು ಶೇಂಗಾ ಸುಲಿಯುವವಳ ಹಾಗೆ ಕೂತಿದ್ದೆ. ಅವನು ಕೈಕಾಲು ತೊಳೆದ, ನೀರು ಕುಡಿದ, ಎತ್ತಿಗೆ ಮೇವು ಹಾಕಿ ಬಂದ. ಬೇಕೆಂತಲೇ ಸತಾಯಿಸುತ್ತಿದ್ದ. ಕಡೆಗೆ ನಾನೇ ಸೋತು ಕೇಳಿದೆ, "ನಿನ್ನ ಭಾವ ಅದನ್ನ ಹಾಕ್ಕೊಂಡಾರೋ ಇಲ್ಲೋ?"

"ಯಾದನ್ನ?" ಎಂದ.

ಶೇಂಗಾ ಸಿಪ್ಪೆ ಬೊಗಸೆ ತುಂಬಿ ಮುಖಕ್ಕೆ ಎರಚಿದೆ. ಆಗ ಹೇಳಿದ.

"ಮುಂಜಾನೆ ನಾನೂ ಅವರ ಕೂಡ ಪ್ರೆಸ್ಸಿಗೆ ಹೋಗಿದ್ದೆ. ಗೇಟಿನಾಗ ಆ ಗುಮಾಸ್ತರೆಲ್ಲ ನಿಂತಿದ್ರು. 'ಏನಪಾ ಇದು? ಯಾ ಅಂಗಡ್ಯಾಗ ತಗೊಂಡಿ?' ಅಂತ ನಗಾಕ ಹತ್ತಿದ್ರು. ಭಾವ ಕೆಳಗ ಇಳಿದ್ರು. ಸೈಕಲ್ಲು ಗ್ವಾಡಿಗೆ ಹಚ್ಚಿದ್ರು. ಸುತ್ತಿದ್ದನ್ನ ಪೂರಾ ಬಿಚ್ಚಿದ್ರು. ಒಂದು ತುದಿ ಗೇಟ್ ಕಾಯಾಂವನ ಕೈಯಾಗ ಕೊಟ್ಟು, ಇನ್ನೊಂದು ಹಿಡಕೊಂಡ ಹಿಂದ ಹಿಂದ ಹೋದ್ರು. ಅಷ್ಟೂ ಉದ್ದ ತೋರಿಸಿದ್ರು. 'ಸರಿಯಾಗಿ ನೋಡ್ಕೊರಿ, ಇಂಥಾದು ಯಾ ಅಂಗಡ್ಯಾಗೂ ಸಿಗಂಗಿಲ್ಲ. ನಮ್ಮಾಕಿ ಮಾಡ್ಯಾಳ' ಅಂದ್ರು."

ನನ್ನ ಕೈಯಲ್ಲಿದ್ದ ಶೇಂಗಾ ಅಲ್ಲೇ ಉಳಿಯಿತು.

"ಏನಂದ್ರು?"

"ಇಂಥಾದು ಸಿಗಂಗಿಲ್ಲ ಅಂದ್ರು."

"ಅಲ್ಲ, ಅದರ ಮುಂದಿಂದು."

"ನಮ್ಮಾಕಿ ಮಾಡ್ಯಾಳ."

"ಇನ್ನೊಮ್ಮೆ ಹೇಳು."

ಅಣ್ಣ ಇನ್ನೊಮ್ಮೆ ಹೇಳಿದ. ಮತ್ತೊಮ್ಮೆ ಕೇಳಿದ್ದಕ್ಕೆ ಬುಟ್ಟಿಯನ್ನು ನನ್ನ ತಲೆಯ ಮೇಲೆ ಬೋರಲು ಹಾಕಿ ಒಳಗೆ ಹೋದ. ನಾನು ಬುಟ್ಟಿ ತೆಗೆಯದೆ ಹಾಗೇ ಹಿತ್ತಲಿಗೆ ಓಡಿದೆ. ಅಲ್ಲಿ ಯಾರೂ ಇರಲಿಲ್ಲ. ಇದ್ದದ್ದು ಎಮ್ಮೆ ಒಂದೇ. ಅದರ ಕಿವಿ ಹಿಡಿದು, "ನಮ್ಮಾಕಿ ಅಂದಾರ" ಎಂದು ಹೇಳಿದೆ. ಅದು ಮೆಲುಕು ಹಾಕುತ್ತ ಕಿವಿ ಕೊಡವಿತು. ಇನ್ನೊಂದು ಕಿವಿಗೂ ಹೇಳಿದೆ.